ನದಿಯ ಮೇಲಿನ ರಾತ್ರಿ ಪ್ರದರ್ಶನ: ನೋಡಿದವರ ಮಾತನ್ನು ಹೇಗೆ ತೂಗಬೇಕು?

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಅನಾಹೈಮ್ ನಗರದಲ್ಲಿರುವ ಡಿಸ್ನಿಲ್ಯಾಂಡಿನ ರಾತ್ರಿ ಪ್ರದರ್ಶನ ‘ಫ್ಯಾಂಟಾಸ್ಮಿಕ್’ ಕುರಿತು ಈ ಸಂಚಿಕೆಗೆ ಹಲವು ಪತ್ರಗಳು ಬಂದಿವೆ. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೊರಟಿರುವ ತಂದೆತಾಯಿಯರು ಬರೆದಿದ್ದಾರೆ, ಅಲ್ಲಿಯೇ ನೆಲೆಸಿರುವ ಕನ್ನಡ ಕುಟುಂಬದವರೂ ಬರೆದಿದ್ದಾರೆ. ಬಹುತೇಕ ಪ್ರಶ್ನೆಗಳು ನೋಡಿ ಬಂದವರ ಅಭಿಪ್ರಾಯಗಳ ಸುತ್ತಲೇ ಇರುವುದರಿಂದ ಈ ಬಾರಿಯ ಅಂಕಣವನ್ನು ಇದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಮುಂದಿನ ತಿಂಗಳು ನಾವು ದಂಪತಿ ಮಗಳ ಮನೆಗೆ ಹೋಗುತ್ತಿದ್ದೇವೆ. ಡಿಸ್ನಿಲ್ಯಾಂಡಿಗೆ ಹೋದರೆ ರಾತ್ರಿಯ ಫ್ಯಾಂಟಾಸ್ಮಿಕ್ ನೋಡದೆ ಬರಬಾರದು ಎಂದು ಅಳಿಯಂದಿರು ಹೇಳುತ್ತಾರೆ. ಆದರೆ ನೋಡಿ ಬಂದ ಪರಿಚಯದವರಲ್ಲಿ ಒಬ್ಬರು ಜೀವಮಾನದಲ್ಲಿ ಅಂಥದ್ದನ್ನು ಕಂಡಿಲ್ಲ ಎಂದರೆ, ಇನ್ನೊಬ್ಬರು ನೆಲದ ಮೇಲೆ ಎರಡು ಗಂಟೆ ಕೂತು ಕಾಲು ಮರಗಟ್ಟಿದ್ದು ಬಿಟ್ಟರೆ ಏನೂ ನೆನಪಿಲ್ಲ ಎಂದರು. ಯಾರ ಮಾತನ್ನು ನಂಬಬೇಕು?
— ಓದುಗರೊಬ್ಬರು, ಮೈಸೂರು

ಉತ್ತರ: ಇಬ್ಬರ ಮಾತೂ ನಿಜವಿರಬಹುದು. ಅವರು ನೋಡಿದ್ದು ಒಂದೇ ಪ್ರದರ್ಶನವಾದರೂ ತೂಗಿದ್ದು ಬೇರೆ ಬೇರೆ ಸಂಗತಿಗಳನ್ನು.

ಮೊದಲು ಪ್ರದರ್ಶನದ ಸ್ವರೂಪವನ್ನು ತಿಳಿಯಿರಿ. ಫ್ಯಾಂಟಾಸ್ಮಿಕ್ ಆರಂಭವಾದದ್ದು 1992ರ ಮೇ 13ರಂದು. ಇದಕ್ಕೆ ಪ್ರತ್ಯೇಕ ರಂಗಮಂದಿರವಿಲ್ಲ. ಉದ್ಯಾನದೊಳಗೆ 1955ರಲ್ಲಿಯೇ ನಿರ್ಮಿಸಿದ ‘ರಿವರ್ಸ್ ಆಫ್ ಅಮೆರಿಕ’ ಎಂಬ ಕೃತಕ ನದಿಯೂ ಅದರ ನಡುವಿನ ಟಾಮ್ ಸಾಯರ್ ದ್ವೀಪದ ತುದಿಯೂ ರಾತ್ರಿಯಾದೊಡನೆ ವೇದಿಕೆಯಾಗುತ್ತವೆ. ಮಿಕ್ಕಿ ಮೌಸ್ ಕನಸು ಕಾಣುತ್ತಾನೆ, ಕನಸಿನ ಬಲದಿಂದ ನೀರನ್ನೂ ಬೆಳಕನ್ನೂ ಕುಣಿಸುತ್ತಾನೆ, ಆಮೇಲೆ ಡಿಸ್ನಿ ಕಥೆಗಳ ದುಷ್ಟಪಾತ್ರಗಳು ಆ ಕನಸಿನೊಳಕ್ಕೆ ನುಗ್ಗಿ ಅದನ್ನು ದುಃಸ್ವಪ್ನವಾಗಿಸುತ್ತವೆ, ಕೊನೆಗೆ ಮಿಕ್ಕಿ ತನ್ನ ಕಲ್ಪನಾಶಕ್ತಿಯಿಂದಲೇ ಅವುಗಳನ್ನು ಗೆಲ್ಲುತ್ತಾನೆ. ಕಥೆ ಇಷ್ಟೇ. ಅರ್ಧ ಗಂಟೆಯೊಳಗೆ ಮುಗಿಯುವ ಈ ಸರಳ ಕಥೆಗಾಗಿ ಜನ ಮೂವತ್ತು ವರ್ಷಗಳಿಗೂ ಮೀರಿ ದಂಡೆಯ ಮೇಲೆ ಕಾಯುತ್ತ ಬಂದಿದ್ದಾರೆ.

ಕಾಯುವುದು ಎಂಬುದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಪ್ರತಿಕೂಲ ಅಭಿಪ್ರಾಯಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಯೇ. ಇಲ್ಲಿ ಕುರ್ಚಿಗಳ ಸಾಲಿಲ್ಲ. ಹಗಲಲ್ಲಿ ಜನ ಓಡಾಡುವ ನದಿಯಂಚಿನ ದಾರಿಯೇ ರಾತ್ರಿ ಪ್ರೇಕ್ಷಕಾಂಗಣವಾಗುತ್ತದೆ. ನಮ್ಮ ಊರುಗಳಲ್ಲಿ ಯಕ್ಷಗಾನದ ಬಯಲಾಟಕ್ಕೆ ಸಂಜೆಯೇ ಚಾಪೆ ಹಾಸಿ ಜಾಗ ಹಿಡಿಯುವಂತೆ ಅಲ್ಲಿಯೂ ಒಳ್ಳೆಯ ಜಾಗ ಬೇಕೆಂದವರು ಬಹಳ ಮೊದಲೇ ಬಂದು ನೆಲದ ಮೇಲೆ ಕುಳಿತುಬಿಡುತ್ತಾರೆ. ತಡವಾಗಿ ಬಂದವರು ಹಿಂದೆ ನಿಂತು, ಮುಂದಿನವರ ಹೆಗಲ ಮೇಲೆ ಕುಳಿತ ಮಕ್ಕಳ ನಡುವಿನಿಂದ ಇಣುಕಬೇಕಾಗುತ್ತದೆ. ಬೆಳಗಿನಿಂದ ಸುತ್ತಿ ದಣಿದ ದೇಹಕ್ಕೆ ಈ ಕಾಯುವಿಕೆ ಹಗುರವಲ್ಲ. ಆದ್ದರಿಂದ ‘ಏನೂ ನೆನಪಿಲ್ಲ’ ಎಂದವರನ್ನು ನಾನು ಅರಸಿಕರೆಂದು ತಳ್ಳಿಹಾಕುವುದಿಲ್ಲ. ಅವರು ಜಾಗದ ಬಗ್ಗೆ ಹೇಳಿದ್ದನ್ನು ಪ್ರದರ್ಶನದ ಬಗ್ಗೆ ಹೇಳಿದರೆಂದು ನೀವು ತಿಳಿಯಬೇಡಿ, ಅಷ್ಟೇ.

ಹಾಗೆಯೇ ಹೊಗಳಿಕೆಯನ್ನೂ ಸೋಸಬೇಕು. ಅಮೆರಿಕದಲ್ಲಿ ಬೆಳೆದ ಅನೇಕರಿಗೆ ಇದು ಬಾಲ್ಯದ ನೆನಪು. ಎಳೆಯ ವಯಸ್ಸಿನಲ್ಲಿ ತಂದೆಯ ಹೆಗಲ ಮೇಲೆ ಕುಳಿತು ನೋಡಿದವರು ಇಂದು ತಮ್ಮ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡುತ್ತಾರೆ. ಅವರ ಕಣ್ಣಲ್ಲಿ ನೀರು ಬರುವುದು ಸಹಜ. ಆ ಪಾತ್ರಗಳೊಂದಿಗೆ ಬೆಳೆಯದ ನಮ್ಮ ಹಿರಿಯರಿಗೂ ಅದೇ ಭಾವ ಉಕ್ಕಬೇಕೆಂದು ನಿರೀಕ್ಷಿಸುವುದು ಸರಿಯಲ್ಲ. ನಿಮಗೆ ತಟ್ಟುವುದು ಬೇರೆಯೇ ಆಗಿರಬಹುದು. ಕತ್ತಲ ನದಿಯಿಂದ ಥಟ್ಟನೆ ಮೇಲೇಳುವ ನೀರಿನ ಪರದೆ, ಹರಿಯುವ ನೀರಿನ ಮೇಲೆಯೇ ಹೊತ್ತಿಕೊಳ್ಳುವ ಬೆಂಕಿ, ಕೊನೆಯಲ್ಲಿ ಪಾತ್ರಗಳನ್ನು ತುಂಬಿಕೊಂಡು ದೀಪಾಲಂಕಾರದೊಂದಿಗೆ ಬರುವ ‘ಮಾರ್ಕ್ ಟ್ವೇನ್’ ಎಂಬ ಎರಡಂತಸ್ತಿಗೂ ಮೀರಿದ ದೊಡ್ಡ ದೋಣಿ: ಇವುಗಳನ್ನು ಸವಿಯಲು ಯಾವ ಪೂರ್ವಪರಿಚಯವೂ ಬೇಡ. ಕುಳಿತುಕೊಳ್ಳುವ ಜಾಗದ ವ್ಯವಸ್ಥೆ ಮೊದಲೇ ಮಾಡಿಕೊಳ್ಳಲು ಸಾಧ್ಯವಿದ್ದರೆ ಖಂಡಿತ ನೋಡಿ ಬನ್ನಿ ಎಂಬುದೇ ನನ್ನ ಸಲಹೆ.

ಪ್ರಶ್ನೆ: ಇತ್ತೀಚೆಗೆ ನೋಡಿದವರೆಲ್ಲ ‘ಡ್ರ್ಯಾಗನ್ ಇಲ್ಲ, ಮೊದಲಿನ ಕಳೆ ಇಲ್ಲ’ ಎನ್ನುತ್ತಾರೆ. ನಾವು 2014ರಲ್ಲಿ ನೋಡಿದಾಗ ಬೆಂಕಿಯುಗುಳುವ ಬೃಹತ್ ಡ್ರ್ಯಾಗನ್ ಇತ್ತು. ಅದನ್ನು ತೆಗೆದದ್ದೇಕೆ? ಮತ್ತೊಮ್ಮೆ ನೋಡಲು ಹೋದರೆ ನಿರಾಸೆಯಾಗುವುದೇ?
— ಓದುಗರು, ಬೆಂಗಳೂರು

ಉತ್ತರ: ನೀವು ನೋಡಿದ್ದು 2009ರಲ್ಲಿ ಬಂದ, 45 ಅಡಿ ಎತ್ತರದ, ಯಂತ್ರಚಾಲಿತ ಡ್ರ್ಯಾಗನ್. ಮಾಟಗಾತಿ ಮೆಲೆಫಿಸೆಂಟ್ ಡ್ರ್ಯಾಗನ್ ರೂಪ ತಾಳಿ ಮಿಕ್ಕಿಯ ಮೇಲೆರಗುವುದೇ ಪ್ರದರ್ಶನದ ಪರಾಕಾಷ್ಠೆಯಾಗಿತ್ತು. 2023ರ ಏಪ್ರಿಲ್ 22ರ ರಾತ್ರಿ, ಪ್ರೇಕ್ಷಕರ ಕಣ್ಣೆದುರಿಗೇ, ಉಗುಳಬೇಕಾದ ಬೆಂಕಿ ಡ್ರ್ಯಾಗನ್ನಿನ ತಲೆಗೇ ಹೊತ್ತಿಕೊಂಡು ನೋಡನೋಡುತ್ತಿದ್ದಂತೆ ಇಡೀ ಮೈಗೆ ಹಬ್ಬಿತು. ಪ್ರದರ್ಶನವನ್ನು ನಿಲ್ಲಿಸಿ ಸುತ್ತಲಿನ ಜನರನ್ನು ತೆರವುಗೊಳಿಸಲಾಯಿತು. ಪ್ರೇಕ್ಷಕರಲ್ಲಿ ಯಾರಿಗೂ ಗಾಯವಾಗಲಿಲ್ಲ, ಆದರೆ ಕೆಲವು ಸಿಬ್ಬಂದಿಗೆ ಹೊಗೆ ಸೇವನೆಯಿಂದಾದ ತೊಂದರೆಗೆ ಚಿಕಿತ್ಸೆ ನೀಡಬೇಕಾಯಿತು. ಬೇರೆಡೆಯ ಡಿಸ್ನಿ ಉದ್ಯಾನಗಳಲ್ಲಿಯೂ ಅದೇ ಬಗೆಯ ಬೆಂಕಿಯ ಪ್ರಯೋಗಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. ಅನಾಹೈಮಿನ ಪ್ರದರ್ಶನವಂತೂ ಒಂದು ವರ್ಷಕ್ಕೂ ಹೆಚ್ಚು ಕಾಲ ನಿಂತು, 2024ರ ಮೇ 24ರಂದು ಮರಳಿ ಬಂದಿತು.

ಮರಳಿ ಬಂದ ರೂಪದಲ್ಲಿ ಡ್ರ್ಯಾಗನ್ ಇಲ್ಲ. ಮೆಲೆಫಿಸೆಂಟ್ ತನ್ನ ಮನುಷ್ಯರೂಪದಲ್ಲಿಯೇ ಎತ್ತರಕ್ಕೆ ಬೆಳೆದು ನಿಲ್ಲುತ್ತಾಳೆ, ಮಿಕ್ಕಿಗೂ ಅವಳಿಗೂ ಹೊಸದಾಗಿ ಹೆಣೆದ ಕಾಳಗ ನಡೆಯುತ್ತದೆ. ಇದರ ಬಗೆಗಿನ ಅಭಿಪ್ರಾಯಗಳನ್ನು ಓದುವಾಗ ಬರೆದವರು ಹಿಂದೆ ನೋಡಿದವರೋ ಮೊದಲ ಬಾರಿಗೆ ನೋಡಿದವರೋ ಎಂಬುದನ್ನು ಗಮನಿಸಿ. ಹಿಂದೆ ನೋಡಿದವರ ಕಣ್ಣು ಆ ಕ್ಷಣದಲ್ಲಿ ಖಾಲಿ ಜಾಗವನ್ನೇ ಹುಡುಕುತ್ತದೆ. ಕತ್ತಲೆಯೊಳಗಿನಿಂದ ಕತ್ತು ನಿಮಿರಿಸಿ ಎದ್ದು ನಿಲ್ಲುತ್ತಿದ್ದ ಆ ಮೈಯ ಗಾತ್ರಕ್ಕೆ ಸಮನಾದದ್ದು ಈಗ ಅಲ್ಲಿ ಇಲ್ಲವೆಂಬ ಅವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಮೊದಲ ಬಾರಿಗೆ ನೋಡುವವರಿಗೆ ಆ ಕೊರತೆ ಗೊತ್ತೇ ಆಗುವುದಿಲ್ಲ. ನೀರಿನ ಮೇಲೆ ಬೆಂಕಿ ಹತ್ತುವ ದೃಶ್ಯವನ್ನು ಅವರು ಬೆರಗಿನಿಂದಲೇ ನೆನೆಯುತ್ತಾರೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ. ‘ಮತ್ತೆ ಡ್ರ್ಯಾಗನ್ ತರಲಿ, ಬೆಂಕಿ ಇಲ್ಲದಿದ್ದರೆ ಏನು ಚಂದ’ ಎಂದು ಒತ್ತಾಯಿಸುವವರು ಆ ರಾತ್ರಿ ಡ್ರ್ಯಾಗನ್ನಿನ ಬುಡದಲ್ಲಿ ಜೀವಂತ ಕಲಾವಿದರೂ ತಂತ್ರಜ್ಞರೂ ಇದ್ದರೆಂಬುದನ್ನು ಮರೆಯಬಾರದು. ಪ್ರೇಕ್ಷಕರ ಮತ್ತು ಬೆಂಕಿಯ ನಡುವೆ ನದಿಯ ಅಗಲವಿತ್ತು, ಕೆಲಸ ಮಾಡುತ್ತಿದ್ದವರ ಮತ್ತು ಬೆಂಕಿಯ ನಡುವೆ ಅಷ್ಟು ಅಂತರವಿರಲಿಲ್ಲ. ಅವರ ಸುರಕ್ಷತೆಗಾಗಿ ಒಂದು ದೃಶ್ಯದ ರಭಸ ಕಡಿಮೆಯಾದರೆ ಅದನ್ನು ನಾವು ಸಂತೋಷದಿಂದಲೇ ಸ್ವೀಕರಿಸಬೇಕು. ಇನ್ನೊಂದು ಸಂಗತಿಯೂ ಇದೆ. 1992ರಿಂದ 2009ರವರೆಗೆ ಇದ್ದ ಡ್ರ್ಯಾಗನ್ ಎತ್ತುವ ಯಂತ್ರದ ಮೇಲೆ ಕೂರಿಸಿದ ತಲೆಗೆ ಬಟ್ಟೆಯ ಮೈ ಇಳಿಬಿಟ್ಟ ಸರಳ ರಚನೆಯಾಗಿತ್ತು. ಆ ಕಾಲದ ಪ್ರೇಕ್ಷಕರೂ ಅದನ್ನು ನೋಡಿ ಮೈಮರೆಯುತ್ತಿದ್ದರು.

ನಿರಾಸೆಯ ಪ್ರಶ್ನೆಗೆ ಬರುವುದಾದರೆ, ನೀವು ನೋಡಿದ ನಂತರ ಬದಲಾದದ್ದು ಡ್ರ್ಯಾಗನ್ ಮಾತ್ರವಲ್ಲ. ಹೊಸ ವಿಭಾಗವೊಂದರ ನಿರ್ಮಾಣಕ್ಕಾಗಿ 2016ರ ಜನವರಿಯಲ್ಲಿ ನಿಂತ ಪ್ರದರ್ಶನ 2017ರ ಜುಲೈ 17ರಂದು ಹೊಸ ದೃಶ್ಯಗಳೊಡನೆ ಮರಳಿತ್ತು. ಆಗ ‘ಕೊಲಂಬಿಯಾ’ ಎಂಬ ಹಾಯಿಹಡಗಿನಿಂದ ಪೀಟರ್ ಪ್ಯಾನ್‌ನನ್ನು ಇಳಿಸಿ ‘ಪೈರೇಟ್ಸ್ ಆಫ್ ದ ಕ್ಯಾರಿಬಿಯನ್’ ಕಡಲುಗಳ್ಳರನ್ನು ಹತ್ತಿಸಿದ್ದರು. ಹಳೆಯ ಪ್ರೇಕ್ಷಕರು ಅದನ್ನು ಬಹಳ ಆಕ್ಷೇಪಿಸಿದ್ದರು. 2024ರಲ್ಲಿ ಪೀಟರ್ ಪ್ಯಾನ್ ಮತ್ತೆ ಹಡಗೇರಿದ್ದಾನೆ. ಅಂದರೆ ನೀವು 2014ರಲ್ಲಿ ಕಂಡ ಹಡಗಿನ ಕತ್ತಿವರಸೆ ಈಗಲೂ ಇದೆ. ಡ್ರ್ಯಾಗನ್ನನ್ನು ಕಾಯದೆ ಆ ಹಡಗನ್ನು ಕಾಯುವ ಮನಸ್ಸಿದ್ದರೆ ಹೋಗಿ ಬನ್ನಿ.

ಪ್ರಶ್ನೆ: ನೀರಿನ ಮೇಲೆ ಸಿನಿಮಾ ಬಿಡುವುದನ್ನು ‘ಜೀವಂತ ಪ್ರದರ್ಶನ’ ಎಂದು ಏಕೆ ಕರೆಯಬೇಕು? ಕೃಷ್ಣರಾಜಸಾಗರದ ಬೃಂದಾವನದಲ್ಲಿ ಸಂಗೀತ ಕಾರಂಜಿ ನೋಡಿದ ನಮಗೆ ಇದರಲ್ಲಿ ಹೊಸದೇನು ಸಿಗುತ್ತದೆ?
— ಓದುಗರು, ಹುಬ್ಬಳ್ಳಿ

ಉತ್ತರ: ಸಂಗೀತ ಕಾರಂಜಿಯಲ್ಲಿ ನೀರೇ ನರ್ತಿಸುತ್ತದೆ. ಫ್ಯಾಂಟಾಸ್ಮಿಕ್‌ನಲ್ಲಿ ನೀರು ನಟರ ಹಿನ್ನೆಲೆ. ಶಕ್ತಿಯುತ ಪಂಪುಗಳು ನದಿಯ ನೀರನ್ನು ಬೀಸಣಿಗೆಯ ಆಕಾರದಲ್ಲಿ ಮೇಲಕ್ಕೆ ಚಿಮ್ಮಿಸಿ ಸಣ್ಣ ಹನಿಗಳ ತೆಳುವಾದ ಪರದೆಯನ್ನು ಮಾಡುತ್ತವೆ. ಸುಮಾರು 30 ಅಡಿ ಎತ್ತರ, 50 ಅಡಿ ಅಗಲದ ಇಂತಹ ಮೂರು ಪರದೆಗಳಿವೆ. ಅವುಗಳ ಮೇಲೆ ಬೀಳುವ ಚಿತ್ರಗಳ ನಡುವೆ, ಮುಂದೆ, ಕೆಲವೊಮ್ಮೆ ಅವುಗಳ ಹಿಂದಿನಿಂದ ನಟರು ಬರುತ್ತಾರೆ. ನದಿಯ ಮೇಲೆ ತೇಲಿಬರುವ ತೆಪ್ಪಗಳಲ್ಲಿ ರಾಜಕುಮಾರಿಯರು ತಮ್ಮ ಜೊತೆಗಾರರೊಡನೆ ನರ್ತಿಸುತ್ತಾರೆ, ಹಡಗಿನ ಹಗ್ಗ ಹಿಡಿದು ಜೀಕುತ್ತ ಕತ್ತಿವರಸೆ ಮಾಡುವವರು ನಿಜವಾದ ಮನುಷ್ಯರು. ಮಾತು ಮತ್ತು ಸಂಗೀತ ಮಾತ್ರ ಮೊದಲೇ ಧ್ವನಿಮುದ್ರಿಸಿದವು.

ಮೆಚ್ಚಿದವರು ಬಹಳವಾಗಿ ನೆನೆಯುವ ಕ್ಷಣವೊಂದಿದೆ: ಕೊನೆಯಲ್ಲಿ ಮಿಕ್ಕಿ ಒಂದೆಡೆ ಮಾಯವಾಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದೆಡೆ ಕಾಣಿಸಿಕೊಳ್ಳುತ್ತಾನೆ. ಸಿನಿಮಾದಲ್ಲಿ ಇದಕ್ಕೆ ಬೆಲೆಯೇ ಇಲ್ಲ, ಅಲ್ಲಿ ಯಾರು ಎಲ್ಲಿ ಬೇಕಾದರೂ ಮಾಯವಾಗಬಹುದು. ನಮ್ಮಷ್ಟೇ ತೂಕದ ದೇಹವೊಂದು ನಮ್ಮೆದುರೇ ಹಾಗೆ ಮಾಯವಾದಾಗ ಮಕ್ಕಳಷ್ಟೇ ಅಲ್ಲದೆ ದೊಡ್ಡವರೂ ‘ಹೋ’ ಎನ್ನುವುದು ಅದು ಜೀವಂತ ಪ್ರದರ್ಶನವೆಂಬ ಕಾರಣಕ್ಕೆ. ಚಿತ್ರ ಮಸುಕಾಗಿತ್ತು ಎಂಬ ದೂರುಗಳನ್ನೂ ನೀವು ಕೇಳಿರಬಹುದು. ನೀರಿನ ಪರದೆ ನೇರ ಎದುರಿಗಿರುವವರಿಗೆ ಸ್ಪಷ್ಟವಾಗಿ ಕಾಣುತ್ತದೆ, ಪಕ್ಕಕ್ಕೆ ಸರಿದಷ್ಟೂ ಮಸುಕಾಗುತ್ತದೆ, ಗಾಳಿ ಬೀಸಿದರೆ ಪರದೆಯೇ ಚದುರುತ್ತದೆ. ಚಿತ್ರದ ಬಗ್ಗೆ ದೂರಿದವರು ಎಲ್ಲಿ ನಿಂತಿದ್ದರು ಎಂದು ಕೇಳಿದರೆ ಅರ್ಧ ಉತ್ತರ ಸಿಗುತ್ತದೆ.

ಅದೇ ಆವರಣದ ಎದುರಿನ ಉದ್ಯಾನವಾದ ‘ಡಿಸ್ನಿ ಕ್ಯಾಲಿಫೋರ್ನಿಯ ಅಡ್ವೆಂಚರ್’ನಲ್ಲಿ 2010ರ ಜೂನ್ 11ರಂದು ಆರಂಭವಾದ ‘ವರ್ಲ್ಡ್ ಆಫ್ ಕಲರ್’ ಇದೆ. ಅದರಲ್ಲಿ ಸುಮಾರು 1,200 ಕಾರಂಜಿಗಳಿವೆ. ಬೃಂದಾವನದ ನೆನಪಿನೊಂದಿಗೆ ಹೋಲಿಸಿ ನೋಡಬೇಕೆಂದಿದ್ದರೆ ಅದು ನಿಮಗೆ ಹೆಚ್ಚು ಹತ್ತಿರವಾದದ್ದು. ಎರಡೂ ಪ್ರತ್ಯೇಕ ಉದ್ಯಾನಗಳಾದ ಕಾರಣ ಒಂದೇ ದಿನ ಎರಡನ್ನೂ ಪ್ರವೇಶಿಸಲು ಅದಕ್ಕೆಂದೇ ಇರುವ ಟಿಕೆಟ್ ಬೇಕು.

ಪ್ರಶ್ನೆ: ಬೆಂಗಳೂರಿನಿಂದ ಬಂದಿರುವ ಅತ್ತೆ ಮಾವನವರನ್ನು ಕರೆದುಕೊಂಡು ಹೋಗಬೇಕೆಂದಿದ್ದೇವೆ. ಅತ್ತೆಯವರಿಗೆ ಮೊಣಕಾಲು ನೋವಿದೆ, ನೆಲದ ಮೇಲೆ ಕೂರಲಾರರು. ಊಟದ ಜೊತೆಗೆ ಜಾಗ ಕಾಯ್ದಿರಿಸುವ ವ್ಯವಸ್ಥೆ ಇದೆಯಂತೆ. ಅದು ದುಬಾರಿಯೆಂದು ಕೆಲವರೂ, ಅದಿಲ್ಲದೆ ಹೋಗಲೇಬೇಡಿ ಎಂದು ಕೆಲವರೂ ಹೇಳುತ್ತಾರೆ.
— ಕನ್ನಡತಿಯೊಬ್ಬರು, ಫ್ರೀಮಾಂಟ್, ಕ್ಯಾಲಿಫೋರ್ನಿಯ

ಉತ್ತರ: ಪ್ರದರ್ಶನಕ್ಕೆ ಪ್ರತ್ಯೇಕ ಟಿಕೆಟ್ ಇಲ್ಲ, ಉದ್ಯಾನದ ಪ್ರವೇಶದಲ್ಲಿಯೇ ಸೇರಿದೆ. ಊಟದ ಪ್ಯಾಕೇಜು ಎಂದರೆ ‘ಬ್ಲೂ ಬೇಯೂ’, ‘ರಿವರ್ ಬೆಲ್ ಟೆರೇಸ್’ನಂತಹ ಒಳಗಿನ ಹೋಟೆಲುಗಳಲ್ಲಿ ನಿಗದಿತ ದರದ ಊಟವನ್ನು ಮುಂಗಡ ಕಾಯ್ದಿರಿಸಿದವರಿಗೆ ಪ್ರದರ್ಶನ ನೋಡಲು ಮೀಸಲು ವಿಭಾಗದ ಪ್ರವೇಶ ಸಿಗುವ ವ್ಯವಸ್ಥೆ. ದರವೂ ಭಾಗವಹಿಸುವ ಹೋಟೆಲುಗಳೂ ಬದಲಾಗುತ್ತಿರುತ್ತವೆ.

ಇದನ್ನು ಹೊಗಳುವವರೂ ತೆಗಳುವವರೂ ಒಂದು ಮುಖ್ಯ ಸಂಗತಿಯನ್ನು ಹೇಳದೆ ಬಿಡುವುದುಂಟು. ಮೀಸಲು ವಿಭಾಗ ಎಂದರೆ ಕುರ್ಚಿ ಎಂದಲ್ಲ. ಅಲ್ಲಿಯೂ ಸಾಮಾನ್ಯವಾಗಿ ನೆಲದ ಮೇಲೆ ಕೂರಬೇಕು ಅಥವಾ ನಿಲ್ಲಬೇಕು, ವಿಭಾಗದೊಳಗಿನ ಜಾಗ ಮೊದಲು ಬಂದವರಿಗೆ ಮೊದಲು. ಹೀಗಾಗಿ ನಿಮ್ಮ ಅತ್ತೆಯವರ ಮೊಣಕಾಲಿಗೆ ಊಟದ ಪ್ಯಾಕೇಜು ಪರಿಹಾರವಲ್ಲ. ಗಾಲಿಕುರ್ಚಿಯಲ್ಲಿ ಬರುವವರಿಗೆ ಬೇರೆಯೇ ನೋಡುವ ಸ್ಥಳವಿದೆ, ಗಾಲಿಕುರ್ಚಿಗಳು ಉದ್ಯಾನದಲ್ಲಿಯೇ ಬಾಡಿಗೆಗೂ ಸಿಗುತ್ತವೆ. ನಮ್ಮ ಹಿರಿಯರು ಗಾಲಿಕುರ್ಚಿ ಎಂದೊಡನೆ ‘ನನಗಿನ್ನೂ ಅಷ್ಟು ವಯಸ್ಸಾಗಿಲ್ಲ’ ಎಂದು ಸಂಕೋಚಪಡುತ್ತಾರೆ. ದಿನವಿಡೀ ಮೈಲಿಗಟ್ಟಲೆ ನಡೆಯಬೇಕಾದ ಜಾಗ ಅದು. ಬೆಳಿಗ್ಗೆಯೇ ಗಾಲಿಕುರ್ಚಿ ತೆಗೆದುಕೊಂಡರೆ ರಾತ್ರಿಯವರೆಗೂ ಅವರು ಸಂತೋಷದಿಂದಿರುತ್ತಾರೆ ಎಂದು ಮೊದಲೇ ಪ್ರೀತಿಯಿಂದ ಹೇಳಿ ಒಪ್ಪಿಸಿ. ಸ್ಥಳಕ್ಕೆ ಮಿತಿಯಿರುವುದರಿಂದ ಸಂಜೆಯೇ ಅಲ್ಲಿನ ಸಿಬ್ಬಂದಿಯನ್ನು ವಿಚಾರಿಸಿಟ್ಟುಕೊಳ್ಳಿ.

ಕೆಲವು ರಾತ್ರಿಗಳಲ್ಲಿ ಎರಡು ಪ್ರದರ್ಶನಗಳಿರುತ್ತವೆ. ಚಿಕ್ಕ ಮಕ್ಕಳಿರುವ ಕುಟುಂಬಗಳು ಮೊದಲನೆಯದನ್ನು ನೋಡಿ ಹೊರಟುಬಿಡುವುದರಿಂದ ಎರಡನೆಯದಕ್ಕೆ ನೂಕುನುಗ್ಗಲು ಕಡಿಮೆ. ‘ಅರ್ಧ ಗಂಟೆ ಮೊದಲು ಹೋದರೂ ಮುಂದೆ ಜಾಗ ಸಿಕ್ಕಿತು’ ಎಂದು ಬರೆಯುವವರಲ್ಲಿ ಹೆಚ್ಚಿನವರು ಎರಡನೆಯದನ್ನು ನೋಡಿದವರೇ. ತೀರ ಮುಂದಿನ ಸಾಲಿಗೆ ನೀರ ಹನಿಗಳು ಸಿಡಿಯುತ್ತವೆ, ಕ್ಯಾಲಿಫೋರ್ನಿಯದ ರಾತ್ರಿ ಬೇಸಿಗೆಯಲ್ಲಿಯೂ ತಣ್ಣಗಿರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಅತ್ತೆಯವರಿಗೊಂದು ಶಾಲು ಇರಲಿ.

ಪ್ರಶ್ನೆ: ನಾಲ್ಕು ವರ್ಷದ ಮೊಮ್ಮಗು ಹೆದರಿಕೊಳ್ಳುವುದೇ?
— ಅಜ್ಜಿ, ಶಿರಸಿ

ಉತ್ತರ: ಹೆದರುವ ಸಾಧ್ಯತೆ ಇದೆ, ಮತ್ತು ಈ ವಿಷಯದಲ್ಲಿ ತಾಯಂದಿರು ಬರೆಯುವುದನ್ನು ನಂಬಿ. ಪ್ರದರ್ಶನದ ಉತ್ತರಾರ್ಧದಲ್ಲಿ ಹಿಮಶ್ವೇತೆಯ ಮಲತಾಯಿ ರಾಣಿ ಮುದಿ ಮಾಟಗಾತಿಯಾಗಿ ಬದಲಾಗಿ ಉಳಿದ ದುಷ್ಟರನ್ನು ಕರೆಯುತ್ತಾಳೆ. ದೀಪಗಳು ಆರುತ್ತವೆ, ಸದ್ದು ಎದೆಗೆ ಬಡಿಯುವಷ್ಟು ಜೋರಾಗುತ್ತದೆ, ನದಿಗೆ ಬೆಂಕಿ ಹತ್ತುತ್ತದೆ. ಕೆಲವು ಮಕ್ಕಳು ಚಪ್ಪಾಳೆ ತಟ್ಟುತ್ತವೆ, ಕೆಲವು ಅಮ್ಮನ ಮಡಿಲಲ್ಲಿ ಮುಖ ಹುದುಗಿಸುತ್ತವೆ. ಮಗು ಮಧ್ಯಾಹ್ನ ಮಲಗಿದ್ದರೆ ಅರ್ಧ ಭಯ ಕಡಿಮೆ, ಏಕೆಂದರೆ ನಿದ್ದೆಗೆಟ್ಟ ಮಗುವಿಗೆ ಎಲ್ಲವೂ ಭಯವೇ. ಮೊದಲೇ ಕಥೆ ಹೇಳಿ, ಕೊನೆಗೆ ಮಿಕ್ಕಿಯೇ ಗೆಲ್ಲುತ್ತಾನೆಂದು ತಿಳಿಸಿ. ನೀರಂಚಿನ ಮುಂದಿನ ಜಾಗದ ಬದಲು ಎದ್ದು ಹೊರಹೋಗಲು ಅನುಕೂಲವಿರುವ ಹಿಂದಿನ ಜಾಗವನ್ನು ಆರಿಸಿಕೊಳ್ಳಿ. ಕಿವಿ ಮುಚ್ಚುವ ಸಾಧನ ಇದ್ದರೆ ಒಳ್ಳೆಯದು.

ಪ್ರಶ್ನೆ: ಫ್ಲಾರಿಡಾದಲ್ಲಿಯೂ ಇದೇ ಹೆಸರಿನ ಪ್ರದರ್ಶನವಿದೆ. ಯಾವುದು ಉತ್ತಮ?
— ಓದುಗರು, ಮಂಗಳೂರು

ಉತ್ತರ: ಅಭಿಪ್ರಾಯಗಳನ್ನು ಓದುವವರು ಮೊದಲು ಎಚ್ಚರ ವಹಿಸಬೇಕಾದದ್ದು ಇಲ್ಲಿಯೇ. ಎರಡರ ಬಗೆಗಿನ ಮಾತುಗಳೂ ಒಂದರಲ್ಲೊಂದು ಬೆರೆತುಹೋಗಿರುತ್ತವೆ. ಫ್ಲಾರಿಡಾದ ಹಾಲಿವುಡ್ ಸ್ಟುಡಿಯೋಸ್ ಉದ್ಯಾನದಲ್ಲಿ 1998ರ ಅಕ್ಟೋಬರ್ 15ರಂದು ಆರಂಭವಾದ ಪ್ರದರ್ಶನಕ್ಕೆ ಅದಕ್ಕೆಂದೇ ಕಟ್ಟಿದ ಬಯಲು ರಂಗಮಂದಿರವಿದೆ. ಅಲ್ಲಿ ಸುಮಾರು 6,900 ಜನ ಬೆಂಚುಗಳ ಮೇಲೆ ಕುಳಿತು ನೋಡಬಹುದು. ಕೋವಿಡ್ ಕಾಲದಲ್ಲಿ ನಿಂತಿದ್ದ ಅದು 2022ರ ನವೆಂಬರ್ 3ರಂದು ಮುಲಾನ್, ಎಲ್ಸಾ, ಮೊವಾನಾ ಮೊದಲಾದ ಪಾತ್ರಗಳ ಹೊಸ ಭಾಗದೊಂದಿಗೆ ಮರಳಿತು. ‘ಆರಾಮವಾಗಿ ಕುಳಿತು ನೋಡಿದೆವು’ ಎಂದು ಯಾರಾದರೂ ಬರೆದಿದ್ದರೆ ಅದು ಫ್ಲಾರಿಡಾದ ಮಾತೆಂದು ತಿಳಿಯಿರಿ. ಟೋಕಿಯೋ ಡಿಸ್ನಿಸೀಯಲ್ಲಿ 2011ರಿಂದ ಇದ್ದ ಮೂರನೆಯ ರೂಪ 2020ರಲ್ಲಿ ನಿಂತುಹೋಗಿದೆ, ಆದ್ದರಿಂದ ಅದರ ಬಗೆಗಿನ ಹಳೆಯ ಹೊಗಳಿಕೆಗಳನ್ನು ಓದಿ ಅಲ್ಲಿಗೆ ಹೋಗಬೇಡಿ.

ನನ್ನ ಒಲವು ಕ್ಯಾಲಿಫೋರ್ನಿಯದ ಕಡೆಗೆ. ಅಲ್ಲಿ ಹಗಲಿಡೀ ಪ್ರವಾಸಿಗರನ್ನು ಸುತ್ತಿಸಿದ ದೋಣಿ ಮತ್ತು ಹಡಗುಗಳೇ ರಾತ್ರಿ ಕಥೆಯೊಳಗೆ ಬರುತ್ತವೆ. ಮಧ್ಯಾಹ್ನ ಕೊಲಂಬಿಯಾದ ಮೇಲೆ ನಿಂತು ಗಾಳಿ ಸವಿದವರಿಗೆ ರಾತ್ರಿ ಅದೇ ಹಡಗಿನಲ್ಲಿ ಕತ್ತಿಗಳು ಝಳಪಿಸುವುದನ್ನು ನೋಡುವಾಗ ಆಗುವ ಪುಳಕವನ್ನು, ಪ್ರದರ್ಶನಕ್ಕೆಂದೇ ಕಟ್ಟಿದ ರಂಗಮಂದಿರ ಎಷ್ಟೇ ಅನುಕೂಲವಾಗಿದ್ದರೂ ಕೊಡಲಾರದು. ಆದರೂ ಕೂರುವ ಅನುಕೂಲವೇ ಮುಖ್ಯವಾದ ಹಿರಿಯರಿಗೆ ಫ್ಲಾರಿಡಾವೇ ಸರಿ.

ಪ್ರಶ್ನೆ: ಮೂರು ಗಂಟೆ ಕಾದ ಮೇಲೆ ಗಾಳಿಯ ಕಾರಣಕ್ಕೆ ರದ್ದಾಯಿತೆಂದು ಒಬ್ಬರು ಬಹಳ ಕೋಪದಿಂದ ಬರೆದದ್ದನ್ನು ಓದಿದೆ. ಹೀಗಾದರೆ ಹಣ ಮರಳುವುದೇ?
— ಓದುಗರು, ದಾವಣಗೆರೆ

ಉತ್ತರ: ಪ್ರತ್ಯೇಕ ಟಿಕೆಟ್ ಇಲ್ಲದ ಪ್ರದರ್ಶನವಾದ್ದರಿಂದ ಅದಕ್ಕೆಂದು ಹಣ ಮರಳುವುದಿಲ್ಲ. ಬೆಂಕಿ, ನೀರು, ಎತ್ತರದಲ್ಲಿ ನಿಲ್ಲುವ ನಟರು, ಈ ಮೂರೂ ಇರುವೆಡೆ ಗಾಳಿ ಜೋರಾದಾಗ ನಿಲ್ಲಿಸುವುದು ಅನಿವಾರ್ಯ. ಕಾದವರ ಕೋಪವೂ ನ್ಯಾಯವಾದದ್ದೇ. ಪ್ರದರ್ಶನ ಎಲ್ಲ ರಾತ್ರಿಗಳಲ್ಲಿಯೂ ಇರುವುದಿಲ್ಲ, ಜನ ಕಡಿಮೆಯಿರುವ ಋತುವಿನಲ್ಲಿ ಆಯ್ದ ದಿನಗಳಲ್ಲಿ ಮಾತ್ರ ಇರುತ್ತದೆ. ಎರಡು ದಿನಗಳ ಭೇಟಿಯಾದರೆ ಮೊದಲ ರಾತ್ರಿಯೇ ನೋಡಲು ಯೋಜಿಸಿ. ರದ್ದಾದರೆ ಎರಡನೆಯ ರಾತ್ರಿ ಕೈಯಲ್ಲಿರುತ್ತದೆ.